ಈ ಪಟ್ಟಿ ಯಾರ ತೊಗಲಿಗೆ?

ಸಕ್ರೆ ಕಾಯಿಲೆ ಕೂತು ಉಂಡವರ ಕಾಯಿಲೆ ಅಂತಾರೆ. ಹಾಗನ್ನುವವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕೇರಿಗಳಿಗೆ ಬರಲಿ. ಕಾಫಿ ಸೀಮೆಗೆ ಗುಳೆ ಹೋಗಿ ಬೆನ್ನು ಬಾಗಿದವರಿಗೂ ಈ ಕಾಯಿಲೆ ಬಂದಿದೆ. ದೇಶದಲ್ಲಿ ಇಂಥವರು 10 ಕೋಟಿಗೂ ಹೆಚ್ಚು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ಅವರೆಲ್ಲ ಮಹಡಿ ಮನೆಯವರೇನು?

ಸೂಜಿ ಬೇಡ, ತೊಗಲಿಗೆ ಪಟ್ಟಿ ಅಂಟಿಸಿದರೆ ಸಾಕು ಅನ್ನೋ ಕಾಲ ಬರುತ್ತಿದೆಯಂತೆ. ಇದು ಬರೀ ಗಾಳಿಮಾತಲ್ಲ. ಇನ್ಸುಲಿನ್ ನುಂಗಿದರೆ ಹೊಟ್ಟೆಯಲ್ಲೇ ಅರಗಿಹೋಗುತ್ತೆ. ಅದರ ಅಣು ದೊಡ್ಡದು, ತೊಗಲು ಒಳಗೆ ಬಿಡೋದಿಲ್ಲ. ಅದಕ್ಕೇ ತೀರಾ ಗಿಡ್ಡ ಮುಳ್ಳುಗಳ ಪಟ್ಟಿ. ಸಕ್ರೆ ಏರಿದಾಗ ಮುಳ್ಳುಗಳೇ ಮದ್ದು ಬಿಡುತ್ತವೆ. ಅಮೆರಿಕದಲ್ಲಿ 2015ರಲ್ಲಿ ಇಲಿಗಳ ಮೇಲೆ, 2020ರಲ್ಲಿ ಹಂದಿಗಳ ಮೇಲೆ ಇದು ಕೆಲಸ ಮಾಡಿದೆ.

ನಾವು ವಿಜ್ಞಾನದ ವೈರಿಗಳಲ್ಲ. ಈ ಪಟ್ಟಿ ಮೊದಲು ಬೇಕಾದದ್ದೇ ನಮಗೆ. ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಕಾಪಾಡಬೇಕು. ನಮ್ಮ ಬ್ಯಾಸಿಗೆ 40 ಡಿಗ್ರಿ ದಾಟುತ್ತೆ. ಫ್ರಿಜ್ ಇಲ್ಲದ ಗುಡಿಸಲಿಗೆ ಮಣ್ಣಿನ ಮಡಕೆಯೇ ಗತಿ. ಗುಳೆಯ ಜೋಪಡಿಯಲ್ಲಿ ಅದೂ ಇಲ್ಲ. ಒಣಗಿಸಿದ ಮದ್ದಿನ ಪಟ್ಟಿ ತಂಪಿಲ್ಲದೆಯೂ ಬಾಳೀತು ಎಂಬ ಆಸೆ ವಿಜ್ಞಾನಿಗಳಿಗಿದೆ.

ಆದರೆ ಚರಿತ್ರೆ ನಮ್ಮನ್ನು ಎಚ್ಚರಿಸುತ್ತದೆ. 1921ರಲ್ಲಿ ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ತಮ್ಮ ಹಕ್ಕನ್ನು ತಲಾ 1 ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಅದು ಎಲ್ಲರ ಸೊತ್ತಾಗಲಿ ಎಂಬುದು ಅವರ ಬಯಕೆ. ಇಂದು ಜಗತ್ತಿನ ಇನ್ಸುಲಿನ್ ಪೇಟೆಯ ಬಹುಪಾಲು ಮೂರೇ ಕಂಪನಿಗಳ ಮುಷ್ಟಿಯಲ್ಲಿದೆ. ನಮ್ಮ ಬೆಂಗಳೂರಿನಲ್ಲೂ ಇನ್ಸುಲಿನ್ ತಯಾರಾಗುತ್ತೆ. ಮದ್ದು ತಯಾರಾಗೋದು ಒಂದು, ಅದು ಕೇರಿ ಮುಟ್ಟೋದು ಇನ್ನೊಂದು.

ಸತ್ತ ದನದ ತೊಗಲು ಹದ ಮಾಡಿದ ನಮ್ಮ ಹಿರೀಕರಿಗೆ ತೊಗಲಿನ ಗುಣ ಗೊತ್ತಿತ್ತು. ಊರಿಗೆ ಅವರು ಹೊಲಿದ ಮೆಟ್ಟು ಬೇಕಾಯ್ತು, ಅವರ ಮೈ ಮಾತ್ರ ಮೈಲಿಗೆಯಾಯ್ತು. ತೊಗಲಿನ ಮೂಲಕವೇ ಮದ್ದು ಕೊಡುವ ಕಾಲದಲ್ಲೂ ನಮ್ಮ ತೊಗಲು ಕಡೇ ಸಾಲಿನಲ್ಲೇ ನಿಲ್ಲಬೇಕೇ?

ಗೆಳೆಯರೇ, ಮೇಷ್ಟ್ರೇ, ಪಟ್ಟಿ ಬರೋವರೆಗೂ ಕಾಯೋದು ಬೇಡ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇನ್ಸುಲಿನ್, ಅದಕ್ಕೊಂದು ಫ್ರಿಜ್, ಸಕ್ರೆ ಪರೀಕ್ಷೆ, ಇವನ್ನು ಇವತ್ತೇ ಗ್ರಾಮಸಭೆಯಲ್ಲಿ ಕೇಳೋಣ. ನಾಳೆ ಪಟ್ಟಿ ಬಂದಾಗ ಅದರ ಬೆಲೆಯನ್ನು ಕಂಪನಿಯಲ್ಲ, ಜನರ ಸರ್ಕಾರ ಗೊತ್ತುಮಾಡಲಿ. ಇದು ನಾವು ಬೇಡುವ ಭಿಕ್ಷೆಯಲ್ಲ, ನಮ್ಮ ಬೆವರಿನ ಬಾಕಿ.