ರೋಗ ಪೈಪಿನಲ್ಲಿ, ಮದ್ದು ಇಂಜಿನ್ನಿಗೆ!

ಹೊಸ ಭಾಗ ಹಾಕಿಸಿದ ಮೇಲೆ ಕಾರು ಕೆಟ್ಟರೆ ಇನ್ನೊಂದು ಹೊಸ ಭಾಗ ಹಾಕಿಸಬೇಕು ಎಂಬ ವಿಚಿತ್ರ ಶಾಸ್ತ್ರವೊಂದು ನಮ್ಮ ಮಹಾನಗರಗಳ ಎಷ್ಟೋ ಗ್ಯಾರೇಜುಗಳಲ್ಲಿ ಬೆಳೆದು ನಿಂತಿದೆ. ದಸರೆಗೋ ಬೇಸಿಗೆ ರಜೆಗೋ ಊರಿಗೆ ಹೊರಡುವ ಮುನ್ನ ಕಾರನ್ನು ರಿಪೇರಿಗೆ ಬಿಡುವ ಕನ್ನಡ ಕುಟುಂಬಗಳೂ ಈ ಶಾಸ್ತ್ರಕ್ಕೆ ತಪ್ಪದೆ ದಕ್ಷಿಣೆ ತೆರುತ್ತಿವೆ. ಇದನ್ನು ನಾವು ಒಪ್ಪಬಾರದು.

ಒಂದು ಮಾದರಿ ನೋಡೋಣ. ಪೆಟ್ರೋಲ್ ಕಾರಿನ ಥ್ರಾಟಲ್ ಬಾಡಿಯನ್ನೋ ಗ್ಯಾಸ್ಕೆಟ್ಟನ್ನೋ ಬದಲಿಸಿ ಕಾರು ಮನೆಗೆ ಬರುತ್ತದೆ. ಇಂಜಿನ್ ಬಿಸಿಯಾದ ಮೇಲೂ ಸಿಗ್ನಲ್ಲಿನಲ್ಲಿ ನಿಂತಾಗ ಅದು ಹುಯಿಲಿಡುತ್ತದೆ. ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗಬೇಕಾದದ್ದು 1,500 ಸುತ್ತುತ್ತದೆ. ಮರಳಿ ಒಯ್ದರೆ ಸೆನ್ಸರ್ ಹೋಗಿದೆ ಎನ್ನುತ್ತಾರೆ. ಅದನ್ನು ಬದಲಿಸಿದ ಮೇಲೆ ಐಡ್ಲಿಂಗ್ ವಾಲ್ವು. ಕೊನೆಗೆ ಕಾರಿನ ಕಂಪ್ಯೂಟರೇ ಕೆಟ್ಟಿದೆ ಎಂಬ ತೀರ್ಪು! ಕಾರಣ ಬರೆಯದೆ ನಮ್ಮ ಕಚೇರಿಯಲ್ಲಿ ಒಂದು ಕಡತವೂ ಮುಂದೆ ಸರಿಯದು. ಗ್ಯಾರೇಜಿನಲ್ಲಿ ಮಾತ್ರ ಕಾರಣವಿಲ್ಲದೆ ಸಾವಿರಾರು ರೂಪಾಯಿ ಮಂಜೂರಾಗುತ್ತದೆ.

ರಿಪೇರಿಗೆ ಮುನ್ನ ಇಲ್ಲದ ದೋಷ ರಿಪೇರಿಯಾದ ಕೂಡಲೇ ಕಾಣಿಸಿದರೆ, ಕೈ ಹಾಕಿದ ಜಾಗದಲ್ಲೇ ಮೊದಲು ಹುಡುಕಬೇಕು. ಇದಕ್ಕೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಪೆಡಲ್ ಒತ್ತದೆ ಇಂಜಿನ್ ಜೋರಾಗಿ ಓಡುತ್ತಿದೆಯೆಂದರೆ, ಬೇಡದ ಗಾಳಿ ಎಲ್ಲಿಂದಲೋ ಒಳಗೆ ಹೋಗುತ್ತಿರಬೇಕೆಂಬುದೇ ಮೊದಲ ಅನುಮಾನ. ಕಳಚಿದ ರಬ್ಬರ್ ಪೈಪನ್ನು ಮತ್ತೆ ಸಿಕ್ಕಿಸಿದ್ದಾರೆಯೇ? ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಕೂರಿಸಿದ್ದಾರೆಯೇ? ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆಯೇ? ಥ್ರಾಟಲ್ ತೊಳೆದಿದ್ದರೆ, ಕೊಳೆ ಇದ್ದ ಕಾಲದ ಲೆಕ್ಕವನ್ನೇ ಕಂಪ್ಯೂಟರು ಹಿಡಿದುಕೊಂಡಿರಬಹುದು. ಅದಕ್ಕೆ ಹೊಸ ಲೆಕ್ಕ ಕಲಿಸಿದರೆ ಸಾಕು. ರೇಡಿಯೇಟರ್ ನೀರು ಬದಲಿಸಿದಾಗ ಒಳಗೆ ಗಾಳಿ ಉಳಿದರೆ ಸೆನ್ಸರ್ ತಪ್ಪು ಉಷ್ಣತೆ ಹೇಳಬಹುದು. ಇಂಜಿನ್ ಇನ್ನೂ ತಣ್ಣಗಿದೆಯೆಂದು ತಿಳಿದು ಕಂಪ್ಯೂಟರು ವೇಗ ಹೆಚ್ಚಿಸುತ್ತದೆ. ಕಾರು ನಿಂತಿರುವಾಗ ಗಾಳಿಯ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಮೆಲ್ಲನೆ ಅದುಮಿ ನೋಡಿದರೆ, ಯಾವುದನ್ನು ಅದುಮಿದಾಗ ಸುತ್ತು ಇಳಿಯುತ್ತದೋ ಆ ದಾರಿಯಲ್ಲೇ ಸೋರಿಕೆ ಹುಡುಕಬಹುದು. ಈ ಪರೀಕ್ಷೆಗೆ ಖರ್ಚೇ ಇಲ್ಲ. ಬಹುಶಃ ಅದಕ್ಕೇ ಅದನ್ನು ಯಾರೂ ಮಾಡುವುದಿಲ್ಲ!

ಕಾರ್ಬ್ಯುರೇಟರ್ ಕಾಲದಲ್ಲಿ ಒಂದು ಸ್ಕ್ರೂ ತಿರುಗಿಸಿದರೆ ಐಡ್ಲಿಂಗ್ ಹತೋಟಿಗೆ ಬರುತ್ತಿತ್ತು. 2000ದ ಸುಮಾರಿಗೆ ಇಂಜೆಕ್ಷನ್ ಇಂಜಿನ್ನುಗಳು ಎಲ್ಲೆಡೆ ಬಂದವು. ಆದರೂ ಕೆಲವರ ಕೈ ಇನ್ನೂ ಸ್ಕ್ರೂ ಹುಡುಕುತ್ತಿದೆ. ಕಾರ್ಖಾನೆಯಲ್ಲಿ ಅಳತೆ ಮಾಡಿ ಕೂರಿಸಿದ ಥ್ರಾಟಲ್ ಸ್ಕ್ರೂವನ್ನು ತಿರುಗಿಸಿ, ಇದ್ದ ದೋಷದ ಮೇಲೆ ಇನ್ನೊಂದನ್ನು ಹೇರುತ್ತಾರೆ.

ಇದು ಬರೀ ಹಣದ ಮಾತಲ್ಲ. ಅನೇಕ ಪೆಟ್ರೋಲ್ ಕಾರುಗಳಲ್ಲಿ ಬ್ರೇಕಿಗೆ ಬಲ ಕೊಡುವ ಬೂಸ್ಟರಿನ ಪೈಪು ಹೊರಡುವುದೂ ಇದೇ ಇಂಜಿನ್ನಿನಿಂದ. ಆ ಪೈಪು ಬಿರುಕು ಬಿಟ್ಟರೆ ಐಡ್ಲಿಂಗ್ ಏರಬಹುದು, ಬ್ರೇಕ್ ಪೆಡಲ್ಲೂ ಕಲ್ಲಿನಂತಾಗಬಹುದು. ಪುಣೆಯಿಂದ ಬೆಳಗಾವಿಯತ್ತ ಹೆಂಡತಿ ಮಕ್ಕಳೊಡನೆ ಹೊರಟವರು ಖಂಬಾಟಕಿ ಘಾಟಿನಲ್ಲಿ ಇದನ್ನು ಕಂಡುಕೊಳ್ಳಬೇಕೇ? ಮನೆಯ ಮುಂದೆಯೇ ನೋಡಬಹುದು: ಇಂಜಿನ್ ನಿಲ್ಲಿಸಿ ಬ್ರೇಕನ್ನು ನಾಲ್ಕೈದು ಸಲ ತುಳಿದು, ತುಳಿದೇ ಹಿಡಿದು ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಪ್ರಯಾಣ ಬೇಡ.

'ಗಿರಾಕಿಗಳು ಸಾಮಾನಿಗೆ ದುಡ್ಡು ಕೊಡುತ್ತಾರೆ, ಹುಡುಕಾಟಕ್ಕೆ ಕೊಡುವುದಿಲ್ಲ' ಎಂಬುದು ಮೆಕ್ಯಾನಿಕ್ಕುಗಳ ವಾದ. ಈ ಮಾತಿನಲ್ಲಿ ಹುರುಳಿದೆ. ಎರಡು ಗಂಟೆ ತಲೆ ಓಡಿಸಿ ಸಣ್ಣ ಪೈಪೊಂದನ್ನು ಸರಿಪಡಿಸಿದವನೊಡನೆ ನಮ್ಮ ಜನ ಚೌಕಾಶಿ ಮಾಡುತ್ತಾರೆ. ದುಬಾರಿ ಸೆನ್ಸರ್ ಹಾಕಿದವನಿಗೆ ಮರುಮಾತಿಲ್ಲದೆ ಎಣಿಸಿಕೊಡುತ್ತಾರೆ. ಬುದ್ಧಿಗೆ ಬೆಲೆ ಕೊಡದ ಕಡೆ ಸಾಮಾನೇ ಮಾರಾಟವಾಗುವುದು.

ಆದ್ದರಿಂದ ತಪಾಸಣೆಗೆ ಪ್ರತ್ಯೇಕ ಕೂಲಿಯನ್ನು ಸಂತೋಷದಿಂದ ಕೊಡೋಣ. ಜೊತೆಗೆ ಮೂರು ಮಾತು ಖಡಾಖಂಡಿತವಾಗಿ ಹೇಳೋಣ: ದೋಷದ ಕಾರಣ ತೋರಿಸದೆ ಹೊಸ ಭಾಗ ಬೇಡ, ತೆಗೆದ ಹಳೆಯ ಭಾಗ ನಮ್ಮ ಕೈಗೆ ಬರಬೇಕು, ರಸೀತಿ ಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಭಾಷೆ ಬಾರದ ಊರೆಂದು ಸುಮ್ಮನಿರಬೇಕಾಗಿಲ್ಲ. ಮೊದಲು ಹುಡುಕಿ, ಆಮೇಲೆ ಬಿಚ್ಚುವ ಮೆಕ್ಯಾನಿಕ್ ಸಿಕ್ಕರೆ ಅವನ ವಿಳಾಸವನ್ನು ಸಂಘದ ಮುಂದಿನ ಸಭೆಯಲ್ಲಿ ನಾಲ್ವರಿಗೆ ಹೇಳಿ. ಅದೂ ಸಂಘಸೇವೆಯೇ.