ಯಂತ್ರದ ತೀರ್ಪೂ ಬಡವರ ಪಡಿತರವೂ



ಪಡಿತರ ಚೀಟಿಯು ಬಡ ಸಂಸಾರಕ್ಕೆ ಎಷ್ಟು ಮುಖ್ಯವಾದುದೆಂಬುದನ್ನು ನಾವು ವಿಸ್ತರಿಸಿ ಹೇಳಬೇಕಾದುದಿಲ್ಲ. 2013ನೆಯ ಇಸವಿಯ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಮೇರೆಗೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯವು ದೊರೆಯುವುದು ಅದರಿಂದಲೇ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಗಳು ಸಲ್ಲತಕ್ಕ ಯಜಮಾನಿ ಯಾರೆಂದು ತಿಳಿಸುವುದೂ ಅದೇ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯುಂಟು, ಎ.ಪಿ.ಎಲ್. ಆದರೆ ಗೊತ್ತುಮಾಡಿದ ವೆಚ್ಚದಲ್ಲಿ ಶೇಕಡ 30 ಮಾತ್ರ. ಹೀಗಿರಲು, ಚೀಟಿಯ ಮೇಲಣ ಒಂದಕ್ಷರವು ಬದಲಾದರೆ ಅನ್ನವೂ ಔಷಧವೂ ಒಮ್ಮೆಗೇ ದೂರವಾಗುವುವು.

ಈ ಅಕ್ಷರವನ್ನು ಬದಲಿಸುವ ಕೆಲಸವು ಈಗ ಬರಬರುತ್ತ ಗಣಕಯಂತ್ರಗಳ ಪಾಲಿಗೆ ಬರುತ್ತಲಿದೆ. ತೆರಿಗೆಯ ಪಟ್ಟಿ, ವಾಹನಗಳ ಪಟ್ಟಿ ಮೊದಲಾದುವುಗಳೊಡನೆ ಹೆಸರುಗಳನ್ನು ಹೋಲಿಸಿ ಇವರು ಅರ್ಹರು, ಇವರು ಅನರ್ಹರು ಎಂದು ಯಂತ್ರವು ಬೇರ್ಪಡಿಸುವುದು. ಕೃತಕ ಬುದ್ಧಿಯೆಂಬುದು ಈ ಕಾರ್ಯವನ್ನು ಇನ್ನಷ್ಟು ತೀವ್ರಗೊಳಿಸುವುದು. ಇದರಿಂದ ಒಳಿತಿಲ್ಲವೆಂದು ನಾವು ಹೇಳೆವು. ಉಳ್ಳವರು ಬಡವರ ಚೀಟಿಯನ್ನು ಹಿಡಿದಿರುವುದು ಅನ್ಯಾಯವೇ ಸರಿ. ಯಂತ್ರಕ್ಕೆ ಲಂಚವೂ ಬೇಡ, ದಾಕ್ಷಿಣ್ಯವೂ ಇಲ್ಲ. ಆದರೆ ಪಟ್ಟಿಯಲ್ಲಿ ತಪ್ಪಿದ್ದರೆ ಅದನ್ನು ಕಂಡುಕೊಳ್ಳುವ ಕಣ್ಣೂ ಅದಕ್ಕಿಲ್ಲ.

ನೆರೆಯ ತೆಲಂಗಾಣದಲ್ಲಿ 2014ರಿಂದ 2019ರೊಳಗೆ 18 ಲಕ್ಷಕ್ಕೂ ಮೀರಿ ಚೀಟಿಗಳು ರದ್ದಾದುವು. ಹೆಸರಿನ ಹೋಲಿಕೆಯಿಂದ ಕಡುಬಡವರು ಕಾರಿನ ಒಡೆಯರೆಂದು ಎಣಿಸಲ್ಪಟ್ಟುದೂ ಉಂಟು. 2022ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮನೆಮನೆಗೆ ಹೋಗಿ ಮರಳಿ ಪರೀಕ್ಷಿಸಬೇಕೆಂದು ಆಜ್ಞಾಪಿಸಬೇಕಾಯಿತು. ದೂರದ ನೆದರ್ಲೆಂಡ್ಸ್ ದೇಶದಲ್ಲಿ ಮಕ್ಕಳ ಪಾಲನೆಯ ಸಹಾಯಧನವನ್ನು ಪಡೆದ ಸಾವಿರಾರು ತಾಯ್ತಂದೆಗಳು ವಂಚಕರೆಂದು ತಪ್ಪಾಗಿ ಗಣಿಸಲ್ಪಟ್ಟು ಸಾಲದಲ್ಲಿ ಮುಳುಗಿದರು; ಆ ಕಾರಣದಿಂದ 2021ರ ಜನವರಿಯಲ್ಲಿ ಮಂತ್ರಿಮಂಡಲವೇ ರಾಜೀನಾಮೆಯನ್ನಿತ್ತಿತು. ನಮ್ಮ ಕರ್ನಾಟಕದಲ್ಲಿಯೂ 2024ರ ನವೆಂಬರಿನಲ್ಲಿ ಬಿ.ಪಿ.ಎಲ್. ಚೀಟಿಗಳು ರದ್ದಾಗಿ ಜನರು ಮೊರೆಯಿಟ್ಟಾಗ, ಸರಕಾರಿ ನೌಕರರೂ ಆದಾಯ ತೆರಿಗೆ ಕೊಡುವವರೂ ಹೊರತಾಗಿ ಉಳಿದವರಿಗೆ ಚೀಟಿಯನ್ನು ಹಿಂದಿರುಗಿಸುವುದಾಗಿ ಸರಕಾರವು ಹೇಳಿತು. ಬ್ಯಾಂಕಿನ ಸಾಲಕ್ಕಾಗಿ ಆದಾಯದ ಲೆಕ್ಕವನ್ನು ಸಲ್ಲಿಸಿದ ಮಾತ್ರಕ್ಕೆ ಒಬ್ಬನು ತೆರಿಗೆ ತೆತ್ತ ಧನಿಕನಾಗುವನೇ? ಮನುಷ್ಯನು ಕೇಳಿ ತಿಳಿಯತಕ್ಕ ಈ ಭೇದವನ್ನು ಪಟ್ಟಿಯು ತಾನಾಗಿ ತಿಳಿಯಲಾರದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ: ಯಂತ್ರವು ಸಂಶಯವನ್ನು ಸೂಚಿಸಲಿ, ತೀರ್ಪನ್ನು ಕೊಡದಿರಲಿ. ಚೀಟಿಯನ್ನು ಕಳೆಯುವ ಮುನ್ನ ಕಾರಣವನ್ನು ತಿಳಿಗನ್ನಡದಲ್ಲಿ ಬರೆದು ಮನೆಗೆ ಮುಟ್ಟಿಸತಕ್ಕದ್ದು. ಅಧಿಕಾರಿಯೊಬ್ಬನು ಆ ಮನೆಯನ್ನು ಕಣ್ಣಾರೆ ಕಂಡು ತನ್ನ ಹೆಸರಿನಿಂದ ನಿರ್ಣಯವನ್ನು ಬರೆಯತಕ್ಕದ್ದು. ಅಲ್ಲಿಯವರೆಗೆ ಧಾನ್ಯವು ನಿಲ್ಲಕೂಡದು. ಅನರ್ಹನೊಬ್ಬನು ಎರಡು ತಿಂಗಳು ಹೆಚ್ಚಾಗಿ ಅಕ್ಕಿ ಪಡೆದರೆ ಬೊಕ್ಕಸಕ್ಕೆ ಅಲ್ಪ ನಷ್ಟ. ಅರ್ಹಳಾದ ವಿಧವೆಗೆ ಎರಡು ತಿಂಗಳು ಅಕ್ಕಿ ತಪ್ಪಿದರೆ ಅವಳ ಮಕ್ಕಳು ಉಪವಾಸವಿರುವರು. ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಇದರಲ್ಲಿ ನಮ್ಮ ಶಾಲೆಯಲ್ಲಿ ಓದಿದವರ ಕರ್ತವ್ಯವೂ ಉಂಟು. ಮೇಲ್ಕಂಡ ಕಾಯಿದೆಯು ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾಧಿಕಾರಿಯನ್ನು ಗೊತ್ತುಮಾಡಿದೆ. ಆದರೆ ಅರ್ಜಿ ಬರೆಯಲಾರದವಳಿಗೆ ಅದರಿಂದ ಏನು ಪ್ರಯೋಜನ? ಸರಸ್ವತಿ ನಗರದಲ್ಲಾಗಲಿ ಹರಿಹರದಲ್ಲಾಗಲಿ ನೆರೆಮನೆಯ ತಾಯಿಯೊಬ್ಬಳು ಚೀಟಿ ರದ್ದಾಯಿತೆಂದು ಬಂದರೆ, ನಮ್ಮ ಸಹೋದರಿಯರು ಆಕೆಯ ಕಾಗದಗಳನ್ನು ಓದಿ, ಕಾರಣವನ್ನು ಕೇಳಿ ಅರ್ಜಿಯನ್ನು ಬರೆದುಕೊಟ್ಟು, ಅದಕ್ಕೆ ಸ್ವೀಕೃತಿ ಪತ್ರವನ್ನು ಪಡೆದುಕೊಡಬೇಕೆಂದು ವಿನಯದಿಂದ ಬೇಡುತ್ತೇವೆ.