ಓಬವ್ವನ ಗಂಡನ ಊಟ

ಉದ್ಯೋಗಕ್ಕೆ ಹೋಗುವ ಗೃಹಿಣಿಯ ಫಜೀತಿಯು ನಮ್ಮ ಹಾಸ್ಯಪ್ರಿಯರಿಗೆ ಬಹುಕಾಲದಿಂದ ಪರಿಚಿತವಾದ ವಸ್ತು. ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯ ಪುಟಗಳಲ್ಲಿ ಟಿ. ಸುನಂದಮ್ಮನವರು ಮನೆಯೊಳಗಿನ ನಗೆಯನ್ನು ಲೋಕಕ್ಕೆಲ್ಲ ಬಡಿಸಿದರು. ಅಂದಿನಿಂದ ಅಡಿಗೆಮನೆಗೂ ಕನ್ನಡ ಹಾಸ್ಯದಲ್ಲಿ ಒಂದು ಮಣೆ ದೊರಕಿದೆ. ಈಗಿನ ಕಾಲದಲ್ಲಿ ಆ ಮಣೆಯ ಮೇಲೆ ಹೆಚ್ಚಾಗಿ ಕುಳಿತಿರುವವಳು ನೌಕರಿಯ ತಾಯಿ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಮೊಬೈಲು, ಕಂಕುಳಲ್ಲಿ ಕೂಸು, ಹೆಗಲಲ್ಲಿ ಕಚೇರಿಯ ಚೀಲ, ಹೀಗೆ ಅವಳ ಚಿತ್ರವನ್ನು ಬರೆಯದ ವ್ಯಂಗ್ಯಚಿತ್ರಕಾರನಿಲ್ಲ. ಮಹಿಳಾ ದಿನಾಚರಣೆ ಬಂದಿತೆಂದರೆ ಇದೇ ಚಿತ್ರಕ್ಕೆ ಹಿಂದೊಂದು ಪ್ರಭಾವಳಿಯನ್ನು ಸೇರಿಸಿ ‘ಅಷ್ಟಭುಜೆ’ ಎಂದು ಹೆಸರಿಡುವುದೂ ಉಂಟು. ಅಷ್ಟಭುಜೆಯ ಎಂಟು ಕೈಗಳಲ್ಲಿಯೂ ಆಯುಧಗಳಿದ್ದುವು, ಒಂದರಲ್ಲಿಯಾದರೂ ಸೌಟು ಇರಲಿಲ್ಲ, ಮೇಲಾಗಿ ಆ ತಾಯಿ ಬೆಳಗ್ಗೆ ಹತ್ತು ಗಂಟೆಗೆ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಬೇಕಾಗಿರಲಿಲ್ಲ ಎಂಬುದನ್ನು ಭಾಷಣಕಾರರು ಮರೆಯುತ್ತಾರೆ.

ನಗುವುದಕ್ಕೆ ನನ್ನ ಅಭ್ಯಂತರವೇನೂ ಇಲ್ಲ. ಬ್ಯಾಂಕೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ದುಡಿಯುತ್ತ, ಹತ್ತು ವರ್ಷದ ಮಗನನ್ನೂ ಆರು ವರ್ಷದ ಮಗಳನ್ನೂ ಬೆಳೆಸುತ್ತಿರುವ ನನಗೆ ನಗು ಬಾರದೆಹೋಗಿದ್ದರೆ ಇಷ್ಟು ಹೊತ್ತಿಗೆ ಬೇರೇನಾದರೂ ಬಂದಿರುತ್ತಿತ್ತು. ಆದರೆ ಈ ನಗೆಯ ಪ್ರಸಂಗಗಳನ್ನು ಸಾಲಾಗಿ ಇಟ್ಟು ನೋಡಿದಾಗ ಅವುಗಳೊಳಗೆ ಒಂದು ಸಾಮಾನ್ಯವಾದ ಎಳೆ ಕಾಣಿಸುತ್ತದೆ. ಆ ಎಳೆಯನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ನಿರುಪದ್ರವಿಯಾದುದೊಂದನ್ನು ಹೇಳುತ್ತೇನೆ. ನಮ್ಮ ಶಾಖೆಗೆ ಲೆಕ್ಕಪರಿಶೋಧಕರು ಬಂದಿದ್ದ ದಿನ. ಎಲ್ಲರ ಮುಖವೂ ಬಿಗಿದುಕೊಂಡಿತ್ತು. ಅವರು ಲೇಖನಿ ಕೇಳಿದರೆಂದು ನನ್ನ ಚೀಲಕ್ಕೆ ಕೈಹಾಕಿದೆ. ಹೊರಗೆ ಬಂದುದು ಕರವಸ್ತ್ರದಲ್ಲಿ ಸುತ್ತಿದ್ದ ಅರ್ಧ ಕೋಡುಬಳೆ, ಅದರ ಬೆನ್ನಿಗೆ ಬಾಲ ಮುರಿದ ಒಂದು ಪ್ಲಾಸ್ಟಿಕ್ ಆನೆ. ಅಮ್ಮನಿಗೆ ಹಸಿವಾದೀತೆಂದು ಕೋಡುಬಳೆಯನ್ನೂ, ಬೇಸರವಾದೀತೆಂದು ಆನೆಯನ್ನೂ ಮಗಳು ಬೆಳಗ್ಗೆಯೇ ಇಟ್ಟು ಕಳುಹಿಸಿದ್ದಳು. ಲೆಕ್ಕಪರಿಶೋಧಕರು ಆನೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಗಂಭೀರವಾಗಿ, “ಇದು ಯಾವ ಖಾತೆಗೆ ಸೇರಿದ್ದಮ್ಮ?” ಎಂದರು. ಆ ಒಂದು ಮಾತಿಗೆ ಶಾಖೆಯೆಲ್ಲ ನಕ್ಕು ಹಗುರವಾಯಿತು. ಇಂತಹ ನಗೆಗೆ ಬೆಲೆಯುಂಟೆ? ಇದು ತಾಯ್ತನದ ಬಡ್ಡಿ. ಇದನ್ನು ಯಾರೊಡನೆಯೂ ಹಂಚಿಕೊಳ್ಳಲು ನಾನು ಸಿದ್ಧಳಿಲ್ಲ.

ಎರಡನೆಯದು ಇಷ್ಟು ಸರಳವಲ್ಲ. ವೃದ್ಧಾಪ್ಯ ವೇತನ ಪಡೆಯುವವರು ಸಾಲುಗಟ್ಟಿ ನಿಂತಿದ್ದ ಒಂದು ಬೆಳಗ್ಗೆ ಮನೆಯಿಂದ ಮೂರು ಸಲ ಕರೆ ಬಂದಿತು. ಏನು ಅನಾಹುತವೋ ಎಂದು ಎತ್ತಿದರೆ ಮಗ, “ಅಮ್ಮಾ, ನನ್ನ ನೀಲಿ ಕಾಲುಚೀಲ ಎಲ್ಲಿದೆ?” ಎಂದನು. ಅಂದು ನಮ್ಮವರಿಗೆ ರಜೆ, ಮನೆಯಲ್ಲಿಯೇ ಇದ್ದರು. “ಅಪ್ಪನನ್ನು ಕೇಳು” ಎಂದೆ. “ಅಪ್ಪನೇ ನಿನ್ನನ್ನು ಕೇಳು ಅಂದರು” ಎಂಬ ಉತ್ತರ ಬಂದಿತು. ಸಾಲಿನ ಮೊದಲಲ್ಲಿದ್ದ ಹಳ್ಳಿಯ ಅಜ್ಜಿಯೊಬ್ಬರು ಇದನ್ನೆಲ್ಲ ಕೇಳಿಸಿಕೊಂಡು, “ಮಂಚದ ಕೆಳಗೆ ನೋಡಕ್ಕೇಳವ್ವಾ, ಅಲ್ಲೇ ಬಿದ್ದಿರ್ತದೆ” ಎಂದರು. ಕಾಲುಚೀಲ ಅಲ್ಲಿಯೇ ಸಿಕ್ಕಿತು. ಏಳು ಕಿಲೋಮೀಟರು ದೂರದಿಂದ, ನಮ್ಮ ಮನೆಯನ್ನು ಕನಸಿನಲ್ಲಿಯೂ ಕಾಣದ ಒಬ್ಬ ಹೆಂಗಸು ಕಂಡುಹಿಡಿದ ವಸ್ತುವನ್ನು ಆ ಮಂಚದ ಮೇಲೆಯೇ ಕುಳಿತಿದ್ದ ಗಂಡಸು ಕಾಣಲಾರದೆಹೋದದ್ದು ದೃಷ್ಟಿದೋಷದಿಂದಲ್ಲ. ಹುಡುಕಬೇಕಾದುದು ತನ್ನ ಕೆಲಸವೆಂದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ.

ನಮ್ಮವರು ಒಳ್ಳೆಯವರು, ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. “ನಾನು ನಿನಗೆ ಸಹಾಯ ಮಾಡಲೆ?” ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಾರೆ. ನಮ್ಮ ಮನೆಗಳ ವ್ಯಾಕರಣವೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಕೆಲಸವು ಷಷ್ಠೀ ವಿಭಕ್ತಿಯಲ್ಲಿ ‘ನಿನ್ನ’ದು, ಸಹಾಯವು ಚತುರ್ಥಿಯಲ್ಲಿ ‘ನಿನಗೆ’. ಗಂಡನು ಒಳ್ಳೆಯವನಾದರೆ ಸಹಾಯಕ ಕ್ರಿಯಾಪದವಾಗಲು ಒಪ್ಪುತ್ತಾನೆ, ಕರ್ತೃಪದವಾಗಲು ಒಪ್ಪುವುದಿಲ್ಲ. ತನ್ನ ಮನೆಯ ಪಾತ್ರೆ ತೊಳೆದು, ತನ್ನ ಮಕ್ಕಳಿಗೆ ಅನ್ನ ಕಲಸಿಕೊಟ್ಟವನಿಗೆ ‘ಸಹಾಯ ಮಾಡಿದ’ ಕೀರ್ತಿ ಬರುವುದು ಹೇಗೆ? ಬ್ಯಾಂಕಿನಲ್ಲಿ ನಾನು ನನ್ನ ಕೆಲಸವನ್ನು ಮುಗಿಸಿದಾಗ ವ್ಯವಸ್ಥಾಪಕರಿಗೆ ಸಹಾಯ ಮಾಡಿದೆನೆಂದು ಯಾರೂ ನನ್ನ ಬೆನ್ನು ತಟ್ಟಿದ್ದಿಲ್ಲ.

ಕೈಕೆಲಸವಾದರೂ ಕಣ್ಣಿಗೆ ಕಾಣುತ್ತದೆ; ಹೇಗೋ ಹಂಚಿಕೊಳ್ಳಬಹುದು. ಕಾಣದ ಕೆಲಸವೊಂದಿದೆ. ನಾಳೆ ಬೆಳಗಿನ ಇಡ್ಲಿ ಇಂದು ಬೆಳಗ್ಗೆಯೇ ಆರಂಭವಾಗಬೇಕು. ಬೆಳಗ್ಗೆ ಅಕ್ಕಿ, ಉದ್ದು ನೆನೆಹಾಕಿ, ಸಂಜೆ ರುಬ್ಬಿ, ರಾತ್ರಿಯೆಲ್ಲ ಹುದುಗಲು ಬಿಟ್ಟರೆ ತಾನೆ ಮರುದಿನ ತಟ್ಟೆಗೆ ಇಡ್ಲಿ ಬೀಳುವುದು? ಒರಳುಕಲ್ಲಿನ ಬದಲು ಯಂತ್ರ ಬಂದಿತು, ಒಲೆಯ ಬದಲು ಅನಿಲ ಬಂದಿತು. ನೆನಪಿಟ್ಟುಕೊಳ್ಳುವುದಕ್ಕೆ ಮಾತ್ರ ಯಾವ ಯಂತ್ರವೂ ಬರಲಿಲ್ಲ. ಅಕ್ಕಿ ನೆನೆಯಬೇಕಾದರೆ ಮೊದಲು ಅಕ್ಕಿಯನ್ನು ಯಾರಾದರೂ ನೆನೆಯಬೇಕು. ಗ್ಯಾಸು ಮುಗಿಯುವ ದಿನ, ಮಗುವಿನ ಚುಚ್ಚುಮದ್ದಿನ ದಿನ, ಅತ್ತೆಯವರ ರಕ್ತದೊತ್ತಡದ ಮಾತ್ರೆ, ನಾದಿನಿಯ ಮಗನ ನಾಮಕರಣ, ಶಾಲೆಯ ಶುಲ್ಕದ ಕಡೆಯ ತಾರೀಖು ಇವೆಲ್ಲ ಒಬ್ಬಳ ತಲೆಯಲ್ಲಿಯೇ ನೆನೆಯುತ್ತಿರುತ್ತವೆ. ಆ ತಲೆ ಕಚೇರಿಯಲ್ಲಿರುವಾಗಲೂ ಅದರ ಒಂದು ಮೂಲೆಯಲ್ಲಿ ಉದ್ದು ಊದಿಕೊಳ್ಳುತ್ತಲೇ ಇರುತ್ತದೆ.

ಈ ತಲೆ ತಾಯಿಯದೇ ಆಗಿರಬೇಕೆಂಬುದು ಹೊರಗಿನವರ ಸಿದ್ಧಾಂತವೂ ಹೌದು. ಮಕ್ಕಳ ಶಾಲೆಯ ಅರ್ಜಿಯಲ್ಲಿ ತಂದೆಯ ದೂರವಾಣಿ ಸಂಖ್ಯೆಯನ್ನೇ ಮೊದಲು ಬರೆದಿದ್ದೆವು. ಅವರ ಕಚೇರಿ ಶಾಲೆಯ ಹಿಂದಿನ ಬೀದಿಯಲ್ಲಿದೆ. ಆದರೂ ಮಗುವಿಗೆ ಜ್ವರ ಬಂದಾಗ, ಮೊಣಕಾಲು ತರಚಿದಾಗ, ಊಟದ ಡಬ್ಬಿ ಕಳೆದಾಗ ಕರೆ ಬರುವುದು ನನಗೆ. ಒಮ್ಮೆ ನಾನು ಸಭೆಯಲ್ಲಿದ್ದುದರಿಂದ ಅವರಿಗೆ ಕರೆ ಹೋಯಿತು. “ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಸಾರ್, ತಾಯಿಯವರು ಸಿಕ್ಕಲಿಲ್ಲ” ಎಂದು ಶಾಲೆಯವರು ಕ್ಷಮೆ ಕೇಳಿದರಂತೆ! ತಂದೆಗೆ ಆತನ ಮಗಳ ಜ್ವರದ ಸುದ್ದಿ ಹೇಳುವುದಕ್ಕೆ ಕ್ಷಮಾಯಾಚನೆ. ನನ್ನ ಪಕ್ಕದ ಮೇಜಿನ ಸಹೋದ್ಯೋಗಿಗೂ ಚಿಕ್ಕ ಮಕ್ಕಳಿಬ್ಬರಿದ್ದಾರೆ. “ನೀವು ಇಲ್ಲಿಗೆ ಬಂದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?” ಎಂದು ಅವರನ್ನು ಇಂದಿಗೂ ಯಾರೂ ಕೇಳಿಲ್ಲ. ನನ್ನನ್ನು ಕೇಳದ ಗ್ರಾಹಕರು ವಿರಳ.

ಕಳೆದ ವರ್ಷ ಒಂದು ರಾತ್ರಿ ಒಂಬತ್ತೂವರೆ ಗಂಟೆಗೆ ಮಗಳು ಹೋಂವರ್ಕಿನ ಪುಸ್ತಕ ಮುಚ್ಚುತ್ತ, “ಅಮ್ಮಾ, ನಾಳೆ ನಾನು ಒನಕೆ ಓಬವ್ವ” ಎಂದು ಘೋಷಿಸಿದಳು. ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ. ಸೀರೆ ಸಿಕ್ಕಿತು, ಬಳೆ ಸಿಕ್ಕಿತು, ಒನಕೆಯನ್ನು ಎಲ್ಲಿಂದ ತರೋಣ? ನಮ್ಮ ವಠಾರದ ಹದಿನಾರು ಮನೆಗಳಲ್ಲಿ ಹದಿನಾರು ಮಿಕ್ಸಿಗಳಿದ್ದುವು, ಒನಕೆ ಒಂದಾದರೂ ಇರಲಿಲ್ಲ. ಕಡೆಗೆ ಮಗನ ಕ್ರಿಕೆಟ್ ಬ್ಯಾಟಿಗೆ ಕಂದು ಕಾಗದ ಸುತ್ತಿ ಒನಕೆ ಮಾಡಿದ್ದಾಯಿತು. ಮಾತು ಕಲಿಸಬೇಕಲ್ಲ, ಚಿತ್ರದುರ್ಗದ ಆ ಐತಿಹ್ಯವನ್ನು ಹೇಳತೊಡಗಿದೆ. ಹೈದರಾಲಿಯ ಸೈನ್ಯ ಕೋಟೆಯನ್ನು ಮುತ್ತಿದ್ದುದು. ಕಾವಲುಗಾರನು ಊಟಕ್ಕೆಂದು ಮನೆಗೆ ಬಂದುದು. ಹೆಂಡತಿ ಓಬವ್ವ ನೀರಿಗೆ ಹೋದಾಗ ಕಿಂಡಿಯಲ್ಲಿ ಶತ್ರುಗಳು ನುಸುಳುತ್ತಿದ್ದುದನ್ನು ಕಂಡದ್ದು. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸದೆ ಒನಕೆ ಹಿಡಿದು ತಾನೇ ನಿಂತದ್ದು.

ಮಗಳು ತಟ್ಟನೆ, “ಗಂಡ ಏಕೆ ಏಳಲಿಲ್ಲ?” ಎಂದಳು.

“ಊಟ ಮಾಡುತ್ತಿದ್ದನಲ್ಲ ಪುಟ್ಟ.”

“ಕಾವಲು ಕಾಯೋದು ಅವನ ಕೆಲಸ ಅಲ್ವಾ?”

“ಊಟದ ಮಧ್ಯೆ ಗಂಡಸರನ್ನು ಎಬ್ಬಿಸಬಾರದು ಕಣೇ” ಎಂದು ಅತ್ತೆಯವರು ಒಳಗಿನಿಂದ ತೀರ್ಪು ಕೊಟ್ಟರು. ತಡವಾಗಿ ಬಂದಿದ್ದ ನಮ್ಮವರು ಆಗ ತಾನೆ ಸಾರನ್ನಕ್ಕೆ ಕೈಯಿಟ್ಟಿದ್ದರು. ಅವರು ತಲೆಯೆತ್ತದೆ ಊಟ ಮುಂದುವರಿಸಿದುದನ್ನು ನೋಡಿ ನನಗೆ ಬಂದ ನಗುವನ್ನು ಹೇಗೆ ತಡೆದುಕೊಂಡೆನೋ ನಾನೇ ಅರಿಯೆ.

ಓಬವ್ವನ ಒನಕೆಯನ್ನು ಕನ್ನಡ ನಾಡೆಲ್ಲ ಕೊಂಡಾಡಿದೆ; ಕೊಂಡಾಡಬೇಕಾದುದೇ. 1972ರ ‘ನಾಗರಹಾವು’ ಚಿತ್ರದಲ್ಲಿ ಆ ಪ್ರಸಂಗವನ್ನು ಕಂಡು ಕಣ್ಣೊದ್ದೆ ಮಾಡಿಕೊಳ್ಳದವರಿಲ್ಲ. ಆದರೆ ಅವಳ ಗಂಡನ ಊಟದ ವಿಷಯವನ್ನು ನಾವು ವಿಚಾರಿಸಿಲ್ಲ. ತನ್ನ ಕೆಲಸದ ಜೊತೆಗೆ ಇನ್ನೊಬ್ಬರ ಕಾವಲನ್ನೂ ಸದ್ದಿಲ್ಲದೆ ಕಾಯುವವಳನ್ನು ವೀರಳೆಂದು ಹೊಗಳುವುದು ನಮಗೆ ಸುಲಭ. ಹೊಗಳಿಕೆಗೆ ಖರ್ಚಿಲ್ಲ, ಊಟದಿಂದ ಏಳುವ ಶ್ರಮವೂ ಇಲ್ಲ. ಆ ಐತಿಹ್ಯದ ಕೊನೆಯಲ್ಲಿ ಓಬವ್ವ ಬದುಕಿ ಉಳಿಯಲಿಲ್ಲವೆಂಬುದನ್ನು ಮರೆಯದಿದ್ದರೆ ಒಳ್ಳೆಯದು.

ಇದು ನನ್ನೊಬ್ಬಳ ಮನೆಯ ಮಾತೆಂದು ಓದುಗರು ತಳ್ಳಿಹಾಕಬಾರದು. ರಾಷ್ಟ್ರೀಯ ಅಂಕಿಅಂಶ ಕಚೇರಿಯವರು ಜನರ ದಿನದ ಇಪ್ಪತ್ನಾಲ್ಕು ಗಂಟೆಗಳ ಲೆಕ್ಕ ತೆಗೆದಿದ್ದಾರೆ. 2019ರ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ಕಳೆಯುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಹೆಂಗಸರ ಪಾಲು 289 ನಿಮಿಷಕ್ಕೆ ಇಳಿಯಿತು. ಆ 10 ನಿಮಿಷಗಳನ್ನು ಗಂಡಸರು ವಹಿಸಿಕೊಂಡರೆಂದು ಯಾರೂ ಹಿಗ್ಗಬೇಕಾಗಿಲ್ಲ. ಅವರ ಪಾಲೂ 88ಕ್ಕೆ ಇಳಿದಿತ್ತು! ಮಕ್ಕಳ ಮತ್ತು ಹಿರಿಯರ ಆರೈಕೆಯ ಲೆಕ್ಕ ಬೇರೆ: ಹೆಂಗಸರಿಗೆ 137 ನಿಮಿಷ, ಗಂಡಸರಿಗೆ 75. ನೆನೆಯುವ ಕೆಲಸದ ನಿಮಿಷಗಳನ್ನು ಎಣಿಸುವ ಗಡಿಯಾರ ಸರ್ಕಾರದವರ ಬಳಿಯೂ ಇರಲಾರದು.

ಕಾನೂನು ಏನನ್ನೂ ಮಾಡಿಲ್ಲವೆಂದರೆ ಕೃತಘ್ನತೆಯಾದೀತು. 1961ರ ಹೆರಿಗೆ ಸೌಲಭ್ಯ ಕಾಯಿದೆ ತಾಯಿಗೆ 12 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಗೃಹವಿರಬೇಕೆಂದಿತು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದೆಂದಿತು. ಇವು ದೊಡ್ಡ ಉಪಕಾರಗಳೇ. ಆದರೆ ಆ ಕಾಯಿದೆಯಲ್ಲಿ ತಂದೆಯ ರಜೆಯ ಪ್ರಸ್ತಾಪವಿರಲಿಲ್ಲ. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ನಿಯಮಗಳು 15 ದಿನ ಕೊಟ್ಟುವು. ಮಕ್ಕಳ ಪಾಲನೆಗೆಂದು ಅದೇ ಸರ್ಕಾರ 2008ರಲ್ಲಿ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನಗಳ ರಜೆ ಕೊಟ್ಟಿತು. 2018ರಲ್ಲಿ ಅದನ್ನು ಗಂಡಸರಿಗೂ ವಿಸ್ತರಿಸಿತು, ಆದರೆ ಪತ್ನಿಯಿಲ್ಲದೆ ಒಬ್ಬಂಟಿಯಾಗಿ ಮಗುವನ್ನು ಸಾಕುವ ಗಂಡಸರಿಗೆ ಮಾತ್ರ. ಅಂದರೆ ತಾಯಿಯ ಸ್ಥಾನ ತೆರವಾದಾಗ ಮಾತ್ರ ತಂದೆಗೆ ಮಗು ಕಾಣಿಸಬೇಕೆಂದು ಸರ್ಕಾರವೇ ಭಾವಿಸಿದಂತಾಯಿತು. ಶಾಲೆಯವರು ಕ್ಷಮೆ ಕೇಳಿದ್ದರಲ್ಲಿ ಆಶ್ಚರ್ಯವೇನಿದೆ?

ಇದರಿಂದ ನಷ್ಟ ತಾಯಿಗೆ ಮಾತ್ರವೆಂದು ನಾನು ತಿಳಿದಿಲ್ಲ. ನನ್ನೊಡನೆ ಕೆಲಸಕ್ಕೆ ಸೇರಿದ ಹೆಂಗಸರಲ್ಲಿ ಇಬ್ಬರು ಬಡ್ತಿಯೊಡನೆ ಬರುವ ವರ್ಗಾವಣೆಗೆ ಹೆದರಿ ಬಡ್ತಿಯನ್ನೇ ಬೇಡವೆಂದರು. ಒಬ್ಬಾಕೆ ಕೆಲಸವನ್ನೇ ಬಿಟ್ಟರು. ಅವರ ಸಂಸಾರಗಳ ವರಮಾನ ಕುಗ್ಗಿತು. ಇತ್ತ ತಂದೆಯ ನಷ್ಟವೂ ಅಲ್ಪವಲ್ಲ. ಅವನ ಚೀಲದಲ್ಲಿ ಯಾರೂ ಅರ್ಧ ಕೋಡುಬಳೆ ಇಡುವುದಿಲ್ಲ. ಕಾಲುಚೀಲ ಹುಡುಕಿಕೊಡದವನಿಗೆ ಮಕ್ಕಳು ಗುಟ್ಟುಗಳನ್ನೂ ಹೇಳುವುದಿಲ್ಲ. ಅವರೆಡೂ ಒಂದೇ ಮಂಚದ ಕೆಳಗೆ ಇರುತ್ತವೆ.

ಕನ್ನಡದಲ್ಲಿ ‘ಉದ್ಯೋಗಸ್ಥ ತಾಯಿ’ ಎಂಬ ಮಾತು ಬಳಕೆಯಲ್ಲಿದೆ; ‘ಉದ್ಯೋಗಸ್ಥ ತಂದೆ’ ಎಂಬುದು ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಹಾಲು ಉಕ್ಕಿಸಿದ, ಜಡೆ ಹೆಣೆಯಲು ಹೋಗಿ ಗಂಟು ಹಾಕಿದ, ಕಚೇರಿಯ ಸಭೆಯಲ್ಲಿ ಬಾಲವಿಲ್ಲದ ಆನೆಯನ್ನು ಹೊರತೆಗೆದ ತಂದೆಯೊಬ್ಬನ ಹಾಸ್ಯಲೇಖನ ಇಂತಹ ಪುಟಗಳಲ್ಲಿ ಮೇಲಿಂದ ಮೇಲೆ ಬರುವಂತಾದರೆ ಅಂದು ನಾನೂ ಮನಸಾರೆ ನಗುವೆನು. ಅಲ್ಲಿಯವರೆಗೆ ನಮ್ಮನ್ನು ದೇವಿಯೆಂದು ಕರೆಯುವ ಕೆಲಸವನ್ನು ಸ್ವಲ್ಪ ನಿಲ್ಲಿಸಿ, ನಾಳೆಗೆ ಅಕ್ಕಿ ನೆನೆಹಾಕಿದೆಯೇ ಎಂದು ನೋಡಿದರೆ ಉಪಕಾರವಾದೀತು. ಅದಕ್ಕೆ ಶೌರ್ಯವೇನೂ ಬೇಕಾಗಿಲ್ಲ, ಒನಕೆಯೂ ಬೇಕಾಗಿಲ್ಲ. ಊಟದ ನಡುವೆ ಒಮ್ಮೆ ಎದ್ದರೆ ಸಾಕು.